ಮಡಿಕೇರಿಗೆ ಮನೆ ಬದಲಿಸುವ ಮುಂಚೆ

ನನ್ನ ಮಗಳು ಓಡುತ್ತಿದ್ದಳು. ಆಟ ಅಂತೇನೂ ಇಲ್ಲ, ಸುಮ್ನೆ ಅಂಗಳದ ಈ ತುದಿಯಿಂದ ಆ ತುದಿಗೆ. 2023ರ ಡಿಸೆಂಬರ್ ಕೊನೆಯ ವಾರ, ಮಡಿಕೇರಿ. ಐದು ದಿನಕ್ಕೆ ಅಂತ ಒಂದು ಮನೆಯ ಮೇಲ್ಮಹಡಿ ಹಿಡಿದಿದ್ದೆವು. ಬೆಂಗಳೂರಿನಲ್ಲಿ ಎರಡು ಮಹಡಿ ಹತ್ತಿದರೆ ಉಬ್ಬಸ ಬರುವ ಮಗು ಅದು. ಚಳಿಗಾಲ ಅಂದರೆ ನಮಗೆ ನೆಬ್ಯುಲೈಸರ್, ರಾತ್ರಿಯೆಲ್ಲ ಅವಳನ್ನು ಎದೆಗೆ ಒರಗಿಸಿಕೊಂಡು ಕೂರುವುದು. ಮಡಿಕೇರಿಯಲ್ಲಿ ಐದೂ ದಿನ ಇನ್‌ಹೇಲರ್ ಚೀಲದಿಂದ ಹೊರಗೆ ಬರಲಿಲ್ಲ. ಕೊನೆ ದಿನ ಸಂಜೆ ಗಂಡನಿಗೆ ಹೇಳಿದೆ, "ಇಲ್ಲಿಗೇ ಬಂದುಬಿಡೋಣ ಅಲ್ವಾ?"

ಆ ಮಾತಿನಿಂದ ಹಿಡಿದು ನಾವು ನಿಜವಾಗಿ ಮನೆ ಬದಲಿಸುವ ತನಕ ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷದಲ್ಲಿ ಏನೇನು ಲೆಕ್ಕ ಹಾಕಿದೆವು, ಎಲ್ಲಿ ಎಡವಿದೆವು ಅಂತ ಬರೆಯುತ್ತಿದ್ದೇನೆ. ನಮ್ಮ ಪರಿಚಯದವರಲ್ಲೇ ಮೂರು ಮನೆಯವರು ಈಗ ಇದೇ ಯೋಚನೆಯಲ್ಲಿದ್ದಾರೆ. ಅವರು ಫೋನ್ ಮಾಡಿ ಕೇಳಿದಾಗಲೆಲ್ಲ ಅರ್ಧ ಹೇಳಿ ಅರ್ಧ ಬಿಟ್ಟುಹೋಗುತ್ತದೆ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು ಮನೆಯಿಂದಲೇ ನಾಲ್ಕೈದು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ಗಂಡನಿಗೂ ಹೆಚ್ಚು ದಿನ ಮನೆಯಿಂದಲೇ ಕೆಲಸ, ತಿಂಗಳಿಗೆ ಎರಡು ಸಲ ಬೆಂಗಳೂರಿನ ಆಫೀಸಿಗೆ ಹೋಗಬೇಕು. ಮಗಳು ಆಗ ಮೂರನೇ ಕ್ಲಾಸು. ಅತ್ತೆಗೆ 71 ವರ್ಷ, ಎರಡು ವರ್ಷದ ಹಿಂದೆ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿಸಿದ್ದೆವು.

ಲೆಕ್ಕ ಬರೆಯುವವಳು ನಾನು. ಬೆಂಗಳೂರಿಗೆ ವಾಪಸ್ ಬಂದ ದಿನವೇ ಒಂದು ನೋಟ್‌ಬುಕ್ ತೆಗೆದು ಎರಡು ಕಾಲಂ ಎಳೆದೆ. ಎಡಗಡೆ ಅನುಕೂಲ, ಬಲಗಡೆ ಅನನುಕೂಲ. ಎಡಗಡೆ ಹನ್ನೊಂದು ಸಾಲು ಬಂತು. ಗಾಳಿ, ಮಗಳ ಆರೋಗ್ಯ, ಟ್ರಾಫಿಕ್ ಇಲ್ಲ, ನಾಗರಭಾವಿಯಲ್ಲಿ ಕೊಡುವ 27,000 ಬಾಡಿಗೆ ಬದಲು 15,000ಕ್ಕೆ ದೊಡ್ಡ ಮನೆ, ಹೂವಿನ ಗಿಡ ಬೆಳೆಸಲು ಜಾಗ, ಹೀಗೆ. ಬಲಗಡೆ ಆರೇ ಸಾಲು. ಜಿಲ್ಲೆಯಲ್ಲಿ ರೈಲಿಲ್ಲ, ಬೆಂಗಳೂರು 260 ಕಿಲೋಮೀಟರ್ ದೂರ, ದೊಡ್ಡ ಆಸ್ಪತ್ರೆ ಅಂದರೆ ಮೈಸೂರು ಇಲ್ಲ ಮಂಗಳೂರು. ಕೊನೆಯಲ್ಲಿ "ಮಳೆ" ಅಂತ ಬರೆದಿದ್ದೆ. ಒಂದೇ ಪದ. ಈಗಲೂ ಆ ಪುಟ ತೆಗೆದು ನೋಡುತ್ತೇನೆ. ಮಿಕ್ಕ ಎಲ್ಲ ಸಾಲಿಗಿಂತ ಭಾರವಾದದ್ದು ಆ ಒಂದು ಪದ. ಆಗ ಗೊತ್ತಿರಲಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಡಿಕೇರಿ ಸುಮಾರು 1,150. ಇನ್ನೂರ ಚಿಲ್ಲರೆ ಮೀಟರ್ ಏನು ಮಹಾ ಅಂತ ನಾನು ಅಂದುಕೊಂಡಿದ್ದೆ. ಆದರೆ ವ್ಯತ್ಯಾಸ ಎತ್ತರದ್ದಲ್ಲ, ಜಾಗದ್ದು. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟ ಹತ್ತಿ ಬಂದು ಸುರಿಯುವ ಜಾಗದಲ್ಲೇ ಮಡಿಕೇರಿ ಕೂತಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆಯ ಮೂರು ಪಟ್ಟು ಇಲ್ಲಿ ಬೀಳುತ್ತದೆ. ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿಯ ಜನ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದಿಲ್ಲ. ಇಂಚು, ಸೆಂಟ್ ಅನ್ನುತ್ತಾರೆ. ನೂರು ಸೆಂಟ್ ಆದರೆ ಒಂದು ಇಂಚು. ಭೂಮಿಯನ್ನೂ ಸೆಂಟಿನಲ್ಲೇ ಅಳೆಯುತ್ತಾರೆ. ಮೊದಮೊದಲು ಯಾರಾದರೂ "ಮೂವತ್ತು ಸೆಂಟ್" ಅಂದರೆ ಮಳೆಯೋ ಸೈಟೋ ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ.

2024ರ ಏಪ್ರಿಲ್ ರಜೆಯಲ್ಲಿ ಎರಡನೇ ಸಲ ಹೋದೆವು. ಕಾಫಿ ಹೂ ಬಿಟ್ಟು ಮುಗಿಯುತ್ತಾ ಬಂದಿತ್ತು, ಆದರೂ ಕೆಲವು ತೋಟಗಳ ಪಕ್ಕ ಮಲ್ಲಿಗೆಯಂಥ ವಾಸನೆ ಇತ್ತು. ಈ ಸಲ ಸೈಟು ನೋಡಲು ಹೊರಟಿದ್ದೆವು. ಬಾಡಿಗೆ ಕೊಡುವ ಬದಲು ಸ್ವಂತದ್ದೇ ಮಾಡಿಬಿಡೋಣ ಅಂತ ಆಸೆ. ಒಬ್ಬ ಬ್ರೋಕರ್ ಪೇಟೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ 8 ಸೆಂಟ್ ಜಾಗ ತೋರಿಸಿದರು. ಮುಂದುಗಡೆ ಬೆಟ್ಟದ ಮೇಲೆ ಬೆಟ್ಟ. ನಾನು ಅಲ್ಲೇ ನಿಂತು ಅಡುಗೆಮನೆ ಕಿಟಕಿ ಎಲ್ಲಿಡಬೇಕು ಅಂತ ಯೋಚಿಸತೊಡಗಿದೆ.

ನಮ್ಮ ಜೊತೆ ಆ ಮೇಲ್ಮಹಡಿ ಮನೆಯ ಯಜಮಾನರು ಬಂದಿದ್ದರು. ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ, ಅಂದರೆ ಹಾಜರಿ, ಲೆಕ್ಕ ಬರೆಯುವವರಾಗಿ ದುಡಿದು ನಿವೃತ್ತರಾದವರು. ನಾವು ಅಂಕಲ್ ಅನ್ನುತ್ತೇವೆ. ಅವರು ಮುಂದಿನ ನೋಟ ನೋಡಲೇ ಇಲ್ಲ. ಸೀದಾ ಹಿಂದುಗಡೆಗೆ ಹೋದರು. ಅಲ್ಲಿ ಜೆಸಿಬಿಯಲ್ಲಿ ಗುಡ್ಡ ಕಡಿದು ನೆಲ ಸಮ ಮಾಡಿದ್ದರು. ಕಡಿದ ಮಣ್ಣಿನ ಗೋಡೆ ಇಪ್ಪತ್ತು ಅಡಿ ನೆಟ್ಟಗೆ ನಿಂತಿತ್ತು. ಇದಕ್ಕೆ ಇಲ್ಲಿ ಬರೆ ಅನ್ನುತ್ತಾರೆ. ಅಂಕಲ್ ಕೈಯಲ್ಲಿದ್ದ ಕೊಡೆಯ ತುದಿಯನ್ನು ಬರೆಯ ಬುಡಕ್ಕೆ ಚುಚ್ಚಿ ತೆಗೆದರು. ತುದಿಗೆ ಕೆಂಪು ಕೆಸರು ಮೆತ್ತಿಕೊಂಡು ಬಂತು.

"ಏಪ್ರಿಲಿನಲ್ಲೇ ಇಲ್ಲಿ ಜಲ ಇದೆ ನೋಡಿ ಅಮ್ಮ. ಜುಲೈಯಲ್ಲಿ ಇದು ಹೀಗೇ ನಿಲ್ತದೆ ಅಂತ ಹೇಗೆ ಹೇಳೋದು?"

ಆಮೇಲೆ ಮೇಲಿನ ಮರಗಳನ್ನು ತೋರಿಸಿದರು. ನಾಲ್ಕೈದು ಮರಗಳು ಬುಡದಲ್ಲಿ ಇಳಿಜಾರಿನ ಕಡೆಗೆ ಬಾಗಿ, ಆಮೇಲೆ ನೆಟ್ಟಗೆ ಬೆಳೆದಿದ್ದವು. ಮಣ್ಣು ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೆಳಗೆ ಸರಿಯುತ್ತಿದ್ದರೆ ಮರ ಹಾಗೆ ಬಾಗುತ್ತದಂತೆ. "ಮನೆ ನೋಡ್ಬೇಡಿ, ಬರೆ ನೋಡಿ. ನೀರು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ತದೆ ಅಂತ ನೋಡಿ." ಬ್ರೋಕರ್‌ಗೆ ಈ ಮಾತು ಹಿಡಿಸಲಿಲ್ಲ. ಮಳೆಗಾಲಕ್ಕೆ ಒಂದು ಟಾರ್ಪಾಲ್ ಹೊದಿಸಿದರೆ ಆಯ್ತು ಅಂದರು. ಪತ್ರ ನೋಡಿದರೆ ಅಲ್ಲೂ ತೊಡಕಿತ್ತು. ಅದು ಜಮ್ಮಾ ಬಾಣೆ ಜಾಗ, ಅಂದರೆ ಕುಟುಂಬಕ್ಕೆ ತಲೆಮಾರುಗಳಿಂದ ಬಂದ ಜಮೀನು, ಪಹಣಿಯಲ್ಲಿ ಕುಟುಂಬದ ಹಲವರ ಹೆಸರಿತ್ತು. ಸೈಟಿನ ಆಸೆಯನ್ನು ಅಲ್ಲೇ ಬಿಟ್ಟೆವು.

ವಾಪಸ್ ಬರುವಾಗ ಅಂಕಲ್ 2018ರ ಕಥೆ ಹೇಳಿದರು. ಆ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಕಡೆಗೆಲ್ಲ ಗುಡ್ಡಗಳು ಜಾರಿ ಬಂದವು. ಮಡಿಕೇರಿ ಪೇಟೆಯೊಳಗೂ ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲಿ ಮನೆಗಳು ಹೋದವು. ಮಂಗಳೂರಿಗೆ ಇಳಿಯುವ ಸಂಪಾಜೆ ಘಾಟಿ ವಾರಗಟ್ಟಲೆ ಬಂದ್. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಕುಸಿತ. ವಿಪರೀತ ಮಳೆ ಒಂದು ಕಾರಣ. ಆದರೆ ರಸ್ತೆಗೆ, ಮನೆಗೆ ಅಂತ ಇಳಿಜಾರನ್ನು ಬೇಕಾದಂತೆ ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಆಗಲೇ ಹೇಳಿದ್ದರು. ನಾವು ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತು ಟಿವಿಯಲ್ಲಿ ನೋಡಿದ್ದೆವು. ನೋಡಿ, ಮರೆತಿದ್ದೆವು.

"ಡಿಸೆಂಬರಿನ ಮಡಿಕೇರಿ ನೋಡಿ ಮನೆ ಮಾಡ್ಬೇಡಿ ಅಮ್ಮ," ಅಂದರು ಅಂಕಲ್. "ಜುಲೈಯಲ್ಲಿ ಬಂದು ಒಂದು ತಿಂಗಳು ಇರಿ. ಆಮೇಲೂ ಬೇಕು ಅನ್ನಿಸಿದ್ರೆ ನಾನೇ ಒಳ್ಳೆ ಮನೆ ಹುಡುಕಿ ಕೊಡ್ತೇನೆ."

ಇಡೀ ಒಂದೂವರೆ ವರ್ಷದಲ್ಲಿ ನಮಗೆ ಸಿಕ್ಕ ಅತಿ ಒಳ್ಳೆಯ ಸಲಹೆ ಅದು.

2024ರ ಜುಲೈ 7, ಭಾನುವಾರ, ನಾಲ್ಕೂ ಜನ ಸಾಮಾನು ಸಮೇತ ಅದೇ ಮೇಲ್ಮಹಡಿಗೆ ಹೋಗಿ ಇಳಿದೆವು. ಮಗಳಿಗೆ ಶಾಲೆಯಲ್ಲಿ ರಜೆ ಕೇಳುವುದು ಸುಲಭ ಇರಲಿಲ್ಲ. ಪಾಠ ನಾನೇ ಮಾಡಿಸುತ್ತೇನೆ ಅಂತ ಬರೆದುಕೊಟ್ಟ ಮೇಲೆ ಒಪ್ಪಿದರು.

ಮೊದಲ ವಾರ ಹಬ್ಬದ ಹಾಗಿತ್ತು. ಮಂಜು ಅಂದರೆ ದೂರದಲ್ಲಿ ಕಾಣುವುದು ಅಂದುಕೊಂಡಿದ್ದೆ. ಇಲ್ಲಿ ಕಿಟಕಿ ತೆಗೆದರೆ ಒಳಗೇ ಬರುತ್ತದೆ, ಅಡುಗೆಮನೆಯ ಬಲ್ಬಿನ ಸುತ್ತ ನಿಲ್ಲುತ್ತದೆ. ಶುಕ್ರವಾರ ಸಂತೆಗೆ ಹೋಗಿ ಕಣಿಲೆ, ಅಂದರೆ ಎಳೆ ಬಿದಿರು ತಂದೆ. ಅದನ್ನು ಹೆಚ್ಚಿ ಮೂರು ದಿನ ನೀರಲ್ಲಿ ನೆನೆಹಾಕಬೇಕು, ದಿನಾ ನೀರು ಬದಲಿಸಬೇಕು ಅಂತ ಕೆಳಗಿನ ಮನೆ ಆಂಟಿ ಹೇಳಿಕೊಟ್ಟರು. ಮರಕೆಸುವಿನ ಪತ್ರೊಡೆ ಮಾಡಿ ಮೇಲೆ ಕಳಿಸಿದರು. ಮಗಳಿಗಂತೂ ಅಂಕಲ್‌ನ ಮಳೆಮಾಪಕವೇ ಆಟ. ದಿನಾ ಬೆಳಿಗ್ಗೆ ಅವರು ಅಂಗಳದ ಡಬ್ಬಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸುವರು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುವರು, ಡೈರಿಯಲ್ಲಿ ಬರೆಯುವರು. ಮೂರನೇ ದಿನದಿಂದ ಬರೆಯುವ ಕೆಲಸ ಮಗಳಿಗೆ ಬಂತು. "2 ಇಂಚು 40 ಸೆಂಟ್" ಅಂತ ಅವಳ ದಪ್ಪ ಅಕ್ಷರ ಈಗಲೂ ಆ ಡೈರಿಯಲ್ಲಿದೆ.

ಬಟ್ಟೆ ಮಾತ್ರ ಒಣಗಲಿಲ್ಲ. ಒಗೆದ ಚೂಡಿದಾರ್ ನಾಲ್ಕು ದಿನ ಆದರೂ ತಣ್ಣಗೆ, ಭಾರವಾಗಿ ತಂತಿಯ ಮೇಲೆ ಕೂತಿರುತ್ತಿತ್ತು. ಆಂಟಿ ಹಿಂದಿನ ಒಲೆಯ ಕೆಂಡದ ಮೇಲೆ ದೊಡ್ಡ ಬಿದಿರು ಬುಟ್ಟಿ ಕವುಚಿ ಅದರ ಮೇಲೆ ಬಟ್ಟೆ ಹರಡುತ್ತಿದ್ದರು. ನಮ್ಮ ಬಟ್ಟೆಗೂ ಅಲ್ಲೇ ಜಾಗ ಆಯಿತು. ಎಲ್ಲಕ್ಕೂ ಹೊಗೆ ವಾಸನೆ. ಅದು ನನಗೆ ಇಷ್ಟವೇ ಆಯಿತು.

ಹತ್ತನೇ ದಿನ ರಾತ್ರಿ ಮಗಳು ಕೆಮ್ಮತೊಡಗಿದಳು. ಮೊದಲು ಒಣ ಕೆಮ್ಮು. ಎರಡು ಗಂಟೆ ಹೊತ್ತಿಗೆ ಎದೆಯಲ್ಲಿ ಆ ಸುಯ್ ಸುಯ್ ಸದ್ದು. ಆ ಸದ್ದು ನನಗೆ ನಿದ್ದೆಯಲ್ಲೂ ಕೇಳುತ್ತದೆ. ಚೀಲದ ತಳದಿಂದ ಇನ್‌ಹೇಲರ್ ತೆಗೆದೆ. ಬೆಳಿಗ್ಗೆ ಬೆಂಗಳೂರಿನ ಡಾಕ್ಟರ್‌ಗೆ ಫೋನ್ ಮಾಡಿದರೆ ಅವರು ಕೇಳಿದ ಮೊದಲ ಪ್ರಶ್ನೆ, "ಮಂಚದ ಹಿಂದೆ, ಬೀರು ಹಿಂದೆ ಗೋಡೆ ನೋಡಿದಿರಾ?" ಅಂತ.

ನಾನು, ಗಂಡ ಸೇರಿ ಮರದ ಬೀರುವನ್ನು ಎಳೆದೆವು. ಹಿಂದಿನ ಗೋಡೆ ಮೇಲೆ ಬೂಷ್ಟು. ಬಿಳಿ, ಅಂಚಿನಲ್ಲಿ ಹಸಿರು, ಸೊಂಟದ ಎತ್ತರದ ತನಕ. ಬೆರಳು ತಾಗಿಸಿದರೆ ಹತ್ತಿಯ ಹಾಗೆ ಮೆತ್ತಗೆ. ಮಗಳ ಶಾಲೆಯ ಚರ್ಮದ ಬ್ಯಾಗಿನ ಮೇಲೆ, ನನ್ನ ಚಪ್ಪಲಿ ಮೇಲೆ, ಅತ್ತೆಯ ಜಪದ ಪುಸ್ತಕದ ಹೊದಿಕೆ ಮೇಲೆ ಕೂಡ. ಮನೆ ಕೊಳಕಾಗಿತ್ತು ಅಂತಲ್ಲ. ಆಂಟಿ ದಿನಕ್ಕೆರಡು ಸಲ ಒರೆಸುವವರು. ಮೂರು ವಾರ ಬಿಸಿಲೇ ಕಾಣದ ಊರಲ್ಲಿ ಅದು ಬಂದೇ ಬರುತ್ತದೆ. ಬೆಂಗಳೂರಿನ ಧೂಳಿನಿಂದ ಮಗಳಿಗೆ ಎಷ್ಟು ತೊಂದರೆಯೋ ಈ ತೇವದಿಂದಲೂ ಅಷ್ಟೇ ತೊಂದರೆ ಆಗಬಹುದು ಅಂದರು ಡಾಕ್ಟರ್. ನೋಟ್‌ಬುಕ್ಕಿನ ಎಡಗಡೆ ಎರಡನೇ ಸಾಲಿನಲ್ಲಿ "ಮಗಳ ಆರೋಗ್ಯ" ಅಂತ ಬರೆದಿದ್ದೆ. ಯಾವ ಕಾರಣಕ್ಕೆ ಹೊರಟಿದ್ದೆವೋ ಅದರ ಬುಡವೇ ಅಲ್ಲಾಡಿತು. ಅವತ್ತು ಅಡುಗೆಮನೆಯಲ್ಲಿ ನಾನು ಒಬ್ಬಳೇ ಕೂತು ಅತ್ತುಬಿಟ್ಟೆ.

ಅದೇ ವಾರ ಮಳೆ ಬಿರುಸಾಯಿತು. ಸಂಪಾಜೆ ಘಾಟಿಯ ಕರ್ತೋಜಿ ಹತ್ತಿರ ಕುಸಿಯುವ ಭಯ ಅಂತ ರಾತ್ರಿ ಸಂಚಾರ ನಿಲ್ಲಿಸಿದರು. ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಮೇಲೆ ರಜೆ ಕೊಟ್ಟರು. ಪಕ್ಕದ ಮನೆ ಮಕ್ಕಳು ಖುಷಿಯಾಗಿದ್ದರು, ಅವರ ಅಮ್ಮಂದಿರು ಅಲ್ಲ. ತಪ್ಪಿದ ಪಾಠವನ್ನೆಲ್ಲ ಆಮೇಲೆ ತುಂಬಿಸಬೇಕಲ್ವಾ. 18ನೇ ತಾರೀಕು ರಾತ್ರಿ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. 19ಕ್ಕೂ ಬರಲಿಲ್ಲ. ಇನ್ವರ್ಟರ್ ಸತ್ತಿತು, ಸಂಜೆಯ ಹೊತ್ತಿಗೆ ಫೋನಿನ ಸಿಗ್ನಲ್ಲೂ ಹೋಯಿತು.

ಜಿಎಸ್‌ಟಿ ಕೆಲಸ ಮಾಡುವವರಿಗೆ 20ನೇ ತಾರೀಕು ಅಂದರೆ ಏನು ಅಂತ ಗೊತ್ತು. ಆ ದಿನ ಹಿಂದಿನ ತಿಂಗಳ ತೆರಿಗೆ ಲೆಕ್ಕದ 3ಬಿ ರಿಟರ್ನ್ ಹೋಗಲೇಬೇಕು. ತಪ್ಪಿದರೆ ದಂಡ, ಬಡ್ಡಿ. ದಂಡ ಕಟ್ಟುವುದು ನನ್ನನ್ನು ನಂಬಿದ ಅಂಗಡಿಯವರು. ಮೂವರದ್ದು ಬಾಕಿ ಇತ್ತು. 20ರ ಬೆಳಿಗ್ಗೆ ಆರಕ್ಕೇ ಲ್ಯಾಪ್‌ಟಾಪ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಗಂಡನ ಜೊತೆ ಕಾರಿನಲ್ಲಿ ಕುಶಾಲನಗರಕ್ಕೆ ಹೊರಟೆ. ಅಲ್ಲಿ ಪರಿಚಯದ ಅಕೌಂಟೆಂಟ್ ಒಬ್ಬರ ಆಫೀಸಿತ್ತು.

ಮಡಿಕೇರಿಯಿಂದ ಹೊರಟಾಗ ಹತ್ತು ಅಡಿ ಮುಂದೆ ಕಾಣುತ್ತಿರಲಿಲ್ಲ. ಸುಂಟಿಕೊಪ್ಪ ದಾಟುವಾಗ ವೈಪರ್‌ನ ವೇಗ ಇಳಿಸಿದೆವು. ಕುಶಾಲನಗರ ಬರುವ ಹೊತ್ತಿಗೆ ಅದನ್ನು ನಿಲ್ಲಿಸಿಯೇಬಿಟ್ಟೆವು. ತುಂತುರು ಬಂದು ಹೋಗುತ್ತಿತ್ತು, ಅಷ್ಟೇ. ರಸ್ತೆ ಅಲ್ಲಲ್ಲಿ ಒಣಗಿತ್ತು. ಒಂದು ಮನೆಯ ತಾರಸಿಯ ತಂತಿಯಲ್ಲಿ ಶಾಲೆ ಯೂನಿಫಾರಂ ನೇತಾಡುತ್ತಿತ್ತು, ಗಾಳಿಗೆ ಹಾರಾಡುತ್ತಿತ್ತು. ಹಾರಾಡಬೇಕಾದರೆ ಬಟ್ಟೆ ಹಗುರ ಆಗಿರಬೇಕು. ನಾನು ಕಾರು ನಿಲ್ಲಿಸಲು ಹೇಳಿ ಅದನ್ನೇ ನೋಡಿದೆ.

ಮೂವತ್ತೇ ಕಿಲೋಮೀಟರ್. ಆದರೆ ಕುಶಾಲನಗರ ಘಟ್ಟದ ಪೂರ್ವದ ಮಗ್ಗುಲಲ್ಲಿ, ಮುನ್ನೂರು ಮೀಟರ್ ಕೆಳಗಿದೆ. ಮೋಡ ಮಡಿಕೇರಿ ಮೇಲೆ ಸುರಿದು ಉಳಿದದ್ದು ಇಲ್ಲಿಗೆ ಬರುತ್ತದೆ. ಆಮೇಲೆ ದಿನಾ 'ಶಕ್ತಿ' ಪತ್ರಿಕೆಯಲ್ಲಿ ಮಳೆ ವಿವರ ನೋಡತೊಡಗಿದೆ. ಮಡಿಕೇರಿಯಲ್ಲಿ ನಾಲ್ಕು ಇಂಚು ಬಿದ್ದ ದಿನ ಕುಶಾಲನಗರದಲ್ಲಿ ಒಂದು ಇಂಚು ಕೂಡ ಇರುತ್ತಿರಲಿಲ್ಲ. ಆ ದಿನ ಮಧ್ಯಾಹ್ನದ ಒಳಗೆ ಮೂರೂ ರಿಟರ್ನ್ ಹೋದವು. ವಾಪಸ್ ಬರುವಾಗ ದಾರಿಯಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಇಬ್ಬರ ತಲೆಯಲ್ಲೂ ಒಂದೇ ಯೋಚನೆ ಇತ್ತು ಅಂತ ಆಮೇಲೆ ಗೊತ್ತಾಯಿತು.

24ರ ರಾತ್ರಿ ಅತ್ತೆಗೆ ಎದೆ ಹಿಡಿದುಕೊಂಡಂತಾಯಿತು. ಬೆವರು. ಜಿಲ್ಲಾಸ್ಪತ್ರೆಗೆ ಕರೆದೊಯ್ದೆವು. ಈಗ ಅದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ್ ತಡ ಮಾಡದೆ ಇಸಿಜಿ ತೆಗೆದರು, ಎರಡು ಗಂಟೆ ಬಿಟ್ಟು ಮತ್ತೊಂದು. ಏನೂ ಇರಲಿಲ್ಲ, ಗ್ಯಾಸ್ಟ್ರಿಕ್. ಬೀಳ್ಕೊಡುವಾಗ ಅವರು ಗಂಡನಿಗೆ ಮೆಲ್ಲಗೆ ಹೇಳಿದರು, ಮತ್ತೆ ಸ್ಟೆಂಟಿನ ಜಾಗದಲ್ಲೇ ತೊಂದರೆ ಬಂದರೆ ಮೈಸೂರಿಗೇ ಹೋಗಬೇಕಾಗಬಹುದು, ಅದಕ್ಕೆ ಮೊದಲೇ ತಯಾರಿ ಇಟ್ಟುಕೊಳ್ಳಿ ಅಂತ. ಮೈಸೂರು 120 ಕಿಲೋಮೀಟರ್. ಒಳ್ಳೆ ದಿನದಲ್ಲಿ ಎರಡೂವರೆ ಗಂಟೆ. ಅಂಥ ರಾತ್ರಿಯಲ್ಲಿ, ಮರ ಬಿದ್ದ ದಾರಿಯಲ್ಲಿ ಎಷ್ಟು ಹೊತ್ತು? ಕೊಡಗಿನವರು 2019ರಲ್ಲಿ ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕು ಅಂತ ಸಾಮಾಜಿಕ ಜಾಲತಾಣಗಳಲ್ಲಿ ಒಟ್ಟಾಗಿ ಕೇಳಿದ್ದರು. ಆ ಕೂಗಿನ ಹಿಂದೆ ದಾರಿಯಲ್ಲೇ ಮನೆಯವರನ್ನು ಕಳೆದುಕೊಂಡವರ ಸಂಕಟ ಇತ್ತು. ಅವತ್ತು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅದು ನಮ್ಮ ಮನೆಯ ಮಾತಾಯಿತು.

30ರ ಬೆಳಿಗ್ಗೆ ಟಿವಿಯಲ್ಲಿ ಕೇರಳದ ವಯನಾಡಿನ ಗುಡ್ಡ ಕುಸಿತ. ಮುಂಡಕೈ, ಚೂರಲ್‌ಮಲ. ನಮ್ಮ ಪಕ್ಕದ ಜಿಲ್ಲೆ. ರಾತ್ರಿ ಮಲಗಿದ್ದ ಊರುಗಳು ಬೆಳಿಗ್ಗೆಗೆ ಇರಲಿಲ್ಲ. ನೂರಾರು ಜನ ಹೋದರು. ಅಂಕಲ್ ಸ್ವಲ್ಪ ಹೊತ್ತು ನೋಡಿ ಟಿವಿ ಆರಿಸಿದರು. ಕೊಡೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ತಮ್ಮ ಮನೆಯ ಹಿಂದಿನ ತಡೆಗೋಡೆಯ ಕೊಳವೆಗಳಿಂದ ನೀರು ಸರಿಯಾಗಿ ಹೊರಗೆ ಬರುತ್ತಿದೆಯಾ ಅಂತ ಒಂದೊಂದನ್ನೇ ನೋಡಿದರು. ಒಂದರಲ್ಲಿ ಎಲೆ ಕಟ್ಟಿಕೊಂಡಿತ್ತು. ಕಡ್ಡಿ ಹಾಕಿ ಬಿಡಿಸಿದರು. ನಲವತ್ತು ವರ್ಷದಿಂದ ಆ ಮನೆಯಲ್ಲಿ ಇರುವವರು. ಅವರಿಗೆ ಭಯವಿಲ್ಲ ಅಂತಲ್ಲ. ಭಯದ ಜೊತೆ ಮಾಡಬೇಕಾದ ಕೆಲಸ ಗೊತ್ತಿದೆ. ನಮಗೆ ಅದು ಗೊತ್ತಿರಲಿಲ್ಲ.

ಮರುದಿನ ಹೊರಟೆವು. "ಇನ್ನು ಮೂರು ದಿನ ನಿಂತಿದ್ರೆ ಮದ್ದುಸೊಪ್ಪಿನ ಪಾಯಸ ತಿಂದು ಹೋಗಬಹುದಿತ್ತು," ಅಂತ ಆಂಟಿ ಬೇಜಾರು ಮಾಡಿಕೊಂಡರು. ಕೊಡವರ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ಕ್ಕೆ ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ತುಂಬಿರುತ್ತದೆ ಅಂತ ಇಲ್ಲಿಯ ನಂಬಿಕೆ.

ಬೆಂಗಳೂರಿಗೆ ಬಂದು ನೋಟ್‌ಬುಕ್ ತೆಗೆದೆ. ಹಳೆಯ ಪುಟಕ್ಕೆ ಸಾಲು ಸೇರಿಸಲು ಹೋದೆ, ಕೈ ನಿಂತಿತು. ಅನುಕೂಲ, ಅನನುಕೂಲ ಅಂತ ಬರೆದಿದ್ದೆ. ಯಾರಿಗೆ ಅಂತ ಬರೆದಿರಲಿಲ್ಲ. ಹೊಸ ಪುಟದಲ್ಲಿ ನಾಲ್ಕು ಕಾಲಂ ಎಳೆದು ನಾಲ್ವರ ಹೆಸರು ಹಾಕಿದೆ. ಹಳೆಯ ಹನ್ನೊಂದು ಅನುಕೂಲಗಳನ್ನು ಹಂಚುತ್ತಾ ಹೋದರೆ ಎಂಟು ನನ್ನ ಹೆಸರಿನ ಕೆಳಗೇ ಬಂದು ಬಿದ್ದವು. ಹಸಿರು, ಮಂಜು, ಗಿಡ, ನೆಮ್ಮದಿ, ಎಲ್ಲಾ ನನ್ನವು. ಮಗಳಿಗೆ ಎಂಟು ತಿಂಗಳು ಒಳ್ಳೆಯದು, ನಾಲ್ಕು ತಿಂಗಳು ಕಷ್ಟ. ಗಂಡನಿಗೆ ತಿಂಗಳಿಗೆರಡು ಸಲ ಆರಾರು ಗಂಟೆ ಬಸ್ಸು. ಅತ್ತೆಯ ಕಾಲಂನಲ್ಲಿ ಒಂದೇ ಒಂದು ಅನುಕೂಲವೂ ಇರಲಿಲ್ಲ. ಆ 24 ದಿನದಲ್ಲಿ ಆಸ್ಪತ್ರೆ ಬಿಟ್ಟರೆ ಅವರು ಎರಡೇ ಸಲ ಮನೆಯಿಂದ ಹೊರಗೆ ಹೋಗಿದ್ದು. ಎಲ್ಲಿಗೆ ಹೋಗಬೇಕಾದರೂ ಹತ್ತಬೇಕು, ಇಲ್ಲ ಇಳಿಯಬೇಕು. ಓಂಕಾರೇಶ್ವರ ದೇವಸ್ಥಾನ ಹತ್ತಿರದಲ್ಲೇ ಇತ್ತು, ಆದರೆ ತಗ್ಗಿನಲ್ಲಿ. ಹೋಗುವಾಗ ಸರಿ, ವಾಪಸ್ ಹತ್ತುವಾಗ ನಾಲ್ಕು ಕಡೆ ಕೂತಿದ್ದರು. ಆಮೇಲೆ ಕಿಟಕಿ ಪಕ್ಕ ಕೂತು ಆಕಾಶವಾಣಿ ಕೇಳುವುದೇ ಅವರ ದಿನ.

ಮೊದಲೇ ಕೇಳಿದ್ದೆ ನಿಜ. "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಅಂದಿದ್ದರು. ಅದನ್ನು ಒಪ್ಪಿಗೆ ಅಂತ ಬರೆದುಕೊಂಡಿದ್ದೆ. ಈ ಸಲ ಪಕ್ಕದಲ್ಲಿ ಕೂತು ಬೇರೆ ಥರ ಕೇಳಿದೆ. "ಅತ್ತೆ, ನಿಮಗೆ ಏನು ಬೇಕು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಸಮ ನೆಲ ಬೇಕು ಕಣಮ್ಮ. ಯಾರ ಕೈಯೂ ಹಿಡಿಯದೆ ದೇವಸ್ಥಾನಕ್ಕೆ ಹೋಗಿ ಬರುವಷ್ಟು."

ಕುಶಾಲನಗರದಲ್ಲಿ ಮನೆ ಹುಡುಕಲು ಐದು ಸಲ ಹೋದೆವು. ಅಲ್ಲಿ ಬರೆ ಇಲ್ಲ, ಆದರೆ ಕಾವೇರಿ ಇದ್ದಾಳೆ. 2018ರಲ್ಲೂ 2019ರಲ್ಲೂ ಹೊಳೆ ಪಕ್ಕದ ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಂಕಲ್ ಕಲಿಸಿದ ಪಾಠ ಇಲ್ಲೂ ಬೇಕಾಯಿತು. ಒಂದು ಮನೆ ತುಂಬಾ ಹಿಡಿಸಿತ್ತು. ನೀರು ಬಂದಿತ್ತಾ ಅಂದರೆ "ಈ ಕಡೆಗೆ ಬಂದೇ ಇಲ್ಲ" ಅಂದರು ಓನರ್. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ ಅವರು ಮಾತಾಡದೆ ಕೈಯನ್ನು ತಮ್ಮ ಸೊಂಟದ ಹತ್ತಿರ ಹಿಡಿದು ತೋರಿಸಿದರು. ಮನೆ ನೋಡಲು ಹೋಗುವವರು ಓನರ್‌ನನ್ನು ಕೇಳುವ ಮುಂಚೆ ಅಕ್ಕಪಕ್ಕದ ಹಳಬರನ್ನು ಕೇಳಿ, ದಯವಿಟ್ಟು. ಕೊನೆಗೆ ಹೊಳೆಯಿಂದ ದೂರ, ಎತ್ತರದ ಕಡೆಗೆ 13,000 ಬಾಡಿಗೆಯ ಮನೆ ಸಿಕ್ಕಿತು. ಕೊಳ್ಳುವ ಮಾತು ಬಿಟ್ಟಿದ್ದೇವೆ. ಮೂರು ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ.

2025ರ ಮೇ ಮೊದಲ ವಾರ ಬಂದೆವು. ಆ ವರ್ಷ ಮುಂಗಾರು ಮೇ ಕೊನೆಗೇ ಬಂದುಬಿಟ್ಟಿತು. ಮಗಳಿಗೆ ಮಳೆಗಾಲದಲ್ಲಿ ನಾಲ್ಕು ಸಲ ಇನ್‌ಹೇಲರ್ ಬೇಕಾಯಿತು. ಉಬ್ಬಸ ಪೂರ್ತಿ ಹೋಗಿಲ್ಲ, ಹೋಗುತ್ತದೆ ಅಂತ ಈಗ ನಾನು ಯಾವ ಊರಿನಿಂದಲೂ ನಿರೀಕ್ಷಿಸುವುದಿಲ್ಲ. ಆದರೆ ರಾತ್ರಿ ಎದ್ದು ಕೂರುವುದು ತಪ್ಪಿದೆ. ಮೈಸೂರು ಇಲ್ಲಿಂದ ಎರಡು ಗಂಟೆಯೊಳಗೆ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ದಾಟಿ, ಘಾಟಿ ಇಲ್ಲದ ದಾರಿ. ಅತ್ತೆ ಸಂಜೆ ಒಬ್ಬರೇ ಗಣಪತಿ ದೇವಸ್ಥಾನಕ್ಕೆ ಹೋಗಿ ಬರುತ್ತಾರೆ. ಅಲ್ಲಿ ಇಬ್ಬರು ಗೆಳತಿಯರೂ ಆಗಿದ್ದಾರೆ.

ನಾನು ಬಿಟ್ಟುಕೊಟ್ಟದ್ದೂ ಇದೆ. ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಏಪ್ರಿಲ್‌ನಲ್ಲಿ ಸೆಕೆ ಇದೆ. ವಾರದ ಕೊನೆಗೆ ನಿಸರ್ಗಧಾಮಕ್ಕೆ, ದುಬಾರೆಗೆ, ಬೈಲಕುಪ್ಪೆಗೆ ಹೋಗುವ ಕಾರುಗಳ ಸಾಲು ಪೇಟೆಯಲ್ಲೇ ನಿಲ್ಲುತ್ತದೆ. ಅಡುಗೆಮನೆ ಕಿಟಕಿಯಿಂದ ಕಾಣುವುದು ಎದುರು ಮನೆಯ ನೀರಿನ ಟ್ಯಾಂಕು. ಕೆಲವು ಬೆಳಿಗ್ಗೆ ಮಡಿಕೇರಿ ದಿಕ್ಕಿನ ಮೋಡ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದಕ್ಕೇ ಆದಷ್ಟು ಶುಕ್ರವಾರ ಬಸ್ಸು ಹತ್ತಿ ಮೇಲೆ ಹೋಗುತ್ತೇನೆ. ಸಂತೆ ಮುಗಿಸಿ ಆಂಟಿಯ ಒಲೆ ಮುಂದೆ ಒಂದು ಗಂಟೆ ಕೂತು ಬರುತ್ತೇನೆ.

ಆಗಸ್ಟ್ 3 ಆ ವರ್ಷ ಭಾನುವಾರ ಬಂತು. ನಾಲ್ಕೂ ಜನ ಹೋದೆವು. ಆಂಟಿ ಮುಂಚೆಯೇ ಸೊಪ್ಪು ಕುದಿಸಿ ಇಟ್ಟಿದ್ದರು. ಆ ನೀರು ನೇರಳೆ ಬಣ್ಣಕ್ಕೆ ತಿರುಗಿತ್ತು, ಶಾಯಿ ಕದಡಿದ ಹಾಗೆ. ಅಕ್ಕಿ, ಬೆಲ್ಲ, ಕಾಯಿಹಾಲು ಬಿದ್ದ ಮೇಲೂ ಬಣ್ಣ ಹೋಗಲಿಲ್ಲ. ಮಗಳು ಬಟ್ಟಲು ಹಿಡಿದುಕೊಂಡೇ ಅಂಕಲ್‌ನ ಡೈರಿ ಹತ್ತಿರ ಓಡಿದಳು. ಅವಳು ಬರೆದ ಹೋದ ವರ್ಷದ ಪುಟ ತೆಗೆದು, ಈ ವರ್ಷದ ಪುಟದ ಪಕ್ಕ ಇಟ್ಟು, ಯಾವುದು ಜಾಸ್ತಿ ಅಂತ ಇಬ್ಬರೂ ಸೇರಿ ಕೂಡತೊಡಗಿದರು. ಅತ್ತೆ ಒಲೆ ಪಕ್ಕ ಕೂತು ಇನ್ನೊಂದು ಸೌಟು ಹಾಕಿಸಿಕೊಂಡರು.